ಬೌಲಿಂಗ್: ಚೆಂಡು ಆರಿಸಿದ್ದು ಲೇನಿನಲ್ಲಿ, ಹೆಜ್ಜೆ ಕಲಿತದ್ದು ಅಡಿಕೆ ಅಂಗಳದಲ್ಲಿ

ಟೆನ್‌ಪಿನ್ ಬೌಲಿಂಗ್ ಆಡಲು ನಾನು ಕಾಸರಗೋಡಿನಿಂದ ರೈಲಿನಲ್ಲಿ ಮಂಗಳೂರಿಗೆ ಹೋಗುತ್ತೇನೆ. ಲೇನ್ ಎಂಬ ಉದ್ದನೆಯ ಹಲಗೆಹಾಸಿನ ಮೇಲೆ ಚೆಂಡು ಉರುಳಿಸಿ, ಆ ತುದಿಯ ಹತ್ತು ಪಿನ್ನುಗಳನ್ನು ಬೀಳಿಸುವ ಆಟ ಅದು. ತಿಂಗಳಿಗೆ ಎರಡು ಸಲ, ಹೋದಾಗ ಎರಡೆರಡು ಗೇಮ್. ಅಷ್ಟರಿಂದ ಕೈ ಪಳಗುವುದಿಲ್ಲ. ಆದರೆ ಹೆಜ್ಜೆಗೂ ತೋಳಿನ ಬೀಸಿಗೂ ಲೇನ್ ಬೇಕಾಗಿಲ್ಲ, ಮನೆಯ ಅಂಗಳ ಸಾಕು. ಲೇನಿಗೇ ಹೋಗಿ ಮಾಡಬೇಕಾದ ಕೆಲಸವೆಂದರೆ ಬೆರಳಿಗೆ ಒಪ್ಪುವ ಚೆಂಡು ಹುಡುಕುವುದು. ಮೊದಲ ಹತ್ತು ನಿಮಿಷ ಅದಕ್ಕೇ ಇಡುತ್ತೇನೆ.

ಚೆಂಡಿನ ಮೇಲಿನ ಅಂಕಿ ಪೌಂಡಿನಲ್ಲಿ ತೂಕ ಹೇಳುತ್ತದೆ. 16ಕ್ಕಿಂತ ಹೆಚ್ಚಿನದು ಇರುವುದಿಲ್ಲ. ಮೈತೂಕದ ಹತ್ತರಲ್ಲೊಂದು ಪಾಲು ಎನ್ನುವುದು ರೂಢಿಯ ಲೆಕ್ಕ: 60 ಕಿಲೋದವರಿಗೆ 13 ಪೌಂಡ್. ಹೊಸಬರು ಅದಕ್ಕಿಂತ ಎರಡು ಪೌಂಡ್ ಕಡಿಮೆ ಹಿಡಿಯುವುದು ಒಳ್ಳೆಯದು. ಆದರೆ ತೂಕಕ್ಕಿಂತ ದೊಡ್ಡ ವಿಷಯ ಹೆಬ್ಬೆರಳ ತೂತು. ಹೆಬ್ಬೆರಳು ಬುಡದವರೆಗೆ ಇಳಿಯಬೇಕು, ಹೊರಗೆ ತೆಗೆಯುವಾಗ ಚರ್ಮ ತುಸುವೇ ಸವರಬೇಕು. ಆಮೇಲೆ ಅಂಗೈಯನ್ನು ಚೆಂಡಿನ ಮೇಲೆ ಹಾಸಿ, ನಡುಬೆರಳು ಮತ್ತು ಉಂಗುರಬೆರಳನ್ನು ಉಳಿದೆರಡು ತೂತಿನ ಮೇಲೆ ಚಾಚಿ ನೋಡುತ್ತೇನೆ. ಎರಡನೇ ಗೆಣ್ಣಿನ ಗೆರೆ ತೂತಿನ ಒಳಅಂಚನ್ನು ಸುಮಾರು ಕಾಲು ಇಂಚು ದಾಟಿದ್ದರೆ ಅಳತೆ ಸರಿ.

ತೂತು ಸಡಿಲವಾದರೆ ಚೆಂಡು ಜಾರೀತೆಂಬ ಭಯಕ್ಕೆ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಮಡಚಿದೊಡನೆ ಮುಂಗೈ ಬಿಗಿಯುತ್ತದೆ, ಬೀಸಿನ ತಳದಲ್ಲಿ ಮಣಿಕಟ್ಟು ತಿರುಗುತ್ತದೆ, ಬಲಗೈಯವರ ಚೆಂಡು ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಆಡುವವರು ತಪ್ಪನ್ನು ತೋಳಿನಲ್ಲಿ ಹುಡುಕುತ್ತಾರೆ, ಅದು ಇರುವುದು ತೂತಿನಲ್ಲಿ. ಬಿಗಿಯಾದರೆ ಇನ್ನೊಂದು ತೊಂದರೆ. ಹೆಬ್ಬೆರಳು ಸಿಕ್ಕಿಕೊಂಡು ಚೆಂಡು ತಡವಾಗಿ ಬಿಡುತ್ತದೆ, ಲೇನಿನ ಮೇಲೆ ಧಡ್ಡನೆ ಬೀಳುತ್ತದೆ, ಬೆರಳ ಬುಡದ ಚರ್ಮ ಸುಲಿಯುತ್ತದೆ. ಹಗುರ ಚೆಂಡುಗಳ ತೂತು ಸಾಮಾನ್ಯವಾಗಿ ಚಿಕ್ಕದು. ಹಾಗಾಗಿ ದಪ್ಪ ಬೆರಳಿನವರು ಒಂದು ಪೌಂಡ್ ಮೇಲಿನದನ್ನು ಹಿಡಿದು ನೋಡಬೇಕು.

ಮರಳಿ ಬಂದ ಚೆಂಡನ್ನು ಎರಡೂ ಕೈಯಿಂದ ಪಕ್ಕಗಳನ್ನು ಹಿಡಿದು ಎತ್ತಬೇಕು. ಎರಡು ಚೆಂಡುಗಳ ನಡುವೆ ಬೆರಳು ಇಟ್ಟರೆ ಜಜ್ಜುತ್ತದೆ. ಪ್ರತಿ ಸಲವೂ ಬೈರಾಸಿನಿಂದ ಒರೆಸುತ್ತೇನೆ, ಏಕೆಂದರೆ ಲೇನಿನ ಮುಂಭಾಗಕ್ಕೆ ಎಣ್ಣೆ ಹಚ್ಚಿರುತ್ತಾರೆ. ಬೂಟಿನ ಅಟ್ಟೆಗೆ ಮಾತ್ರ ನೀರು ತಾಗಲೇಬಾರದು. ಒದ್ದೆ ಅಟ್ಟೆ ಜಾರಬೇಕಾದಲ್ಲಿ ಗಕ್ಕನೆ ಹಿಡಿದು ಮುಖಮುಗ್ಗರಿಸುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಅಂಗಳ. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿರುತ್ತದೆ, ಉದ್ದಕ್ಕೂ ಕೊರತೆಯಿಲ್ಲ. ಇದ್ದಿಲಿನಿಂದ ಒಂದು ಗೆರೆ ಎಳೆದರೆ ಅದೇ ಫೌಲ್ ಗೆರೆ, ಅಂದರೆ ಚೆಂಡು ಬಿಡುವಾಗ ಕಾಲು ದಾಟಬಾರದ ಗೆರೆ. ಗೆರೆಗೆ ಬೆನ್ನು ಹಾಕಿ ನಿಂತು ನಾಲ್ಕೂವರೆ ಹೆಜ್ಜೆ ನಡೆದು ತಿರುಗಿದರೆ ಅದು ನಮ್ಮ ನಿಲ್ಲುವ ಜಾಗ. ಆ ಅರ್ಧ ಹೆಜ್ಜೆ ಕೊನೆಯ ಜಾರಿಕೆಗೆ. ಚೆಂಡಿನ ಬದಲು ಬಟ್ಟೆಚೀಲದಲ್ಲಿ ಎರಡು ಕಿಲೋ ಅಕ್ಕಿ. ಬಲಗೈಯವರಿಗೆ ಲೆಕ್ಕ ಹೀಗೆ: ಬಲಗಾಲಿನ ಜೊತೆಗೆ ಚೀಲ ಮುಂದಕ್ಕೆ ಚಾಚಬೇಕು; ಎಡಗಾಲಿಗೆ ಅದು ಕೆಳಗಿಳಿದು ತೊಡೆಯ ಪಕ್ಕಕ್ಕೆ ಬರಬೇಕು; ಮತ್ತೆ ಬಲಗಾಲಿಗೆ ಹಿಂದಿನ ತುದಿ; ಕೊನೆಗೆ ಎಡಗಾಲು ಜಾರುವಾಗ ಮುಂದಕ್ಕೆ ಬೀಸಿ ಬರಬೇಕು. ಬಾವಿಯಿಂದ ತುಂಬಿದ ಕೊಡಪಾನ ತರುವಾಗ ತೋಳು ಹೇಗೆ ಜೋತು ಬೀಳುತ್ತದೋ ಹಾಗೆಯೇ ಇಲ್ಲೂ ಇರಬೇಕು. ಚೀಲ ಬಳುಕಿದರೆ ತೋಳು ಬಲ ಹಾಕುತ್ತಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಹಿಡಿಯುತ್ತದೆ. ಆಗ ಜಗಲಿಯಲ್ಲಿ ನಿಂತಲ್ಲೇ ಬೀಸು ಮಾತ್ರ.

ಲೇನಿನಲ್ಲಿ ಗುರಿ ಪಿನ್ನಿಗೆ ಬೇಡ. ಪಿನ್ನುಗಳು ತ್ರಿಕೋನವಾಗಿ ನಿಂತಿರುತ್ತವೆ; ಎಲ್ಲಕ್ಕಿಂತ ಮುಂದಿನದು 1, ಅದರ ಹಿಂದೆ ಸಾಲುಸಾಲಾಗಿ ಎಡದಿಂದ ಬಲಕ್ಕೆ 10ರವರೆಗೆ ಎಣಿಕೆ. ಫೌಲ್ ಗೆರೆಯಿಂದ 1ನೇ ಪಿನ್ನಿಗೆ 60 ಅಡಿ. ಲೇನಿನ ಮೇಲಿನ ಬಾಣದ ಗುರುತುಗಳು ಸುಮಾರು 15 ಅಡಿಯಲ್ಲೇ ಇವೆ. ಬಲದಿಂದ ಎರಡನೇ ಬಾಣವನ್ನು ನೋಡಿ, ನೇರ ಚೆಂಡನ್ನು 1 ಮತ್ತು 3ನೇ ಪಿನ್ನುಗಳ ಸಂದಿಗೆ ಬಿಡುತ್ತೇನೆ. ಬಾಣದಲ್ಲಿ ಲೇನಿನ ಒಂದು ಹಲಗೆಯ ಅಗಲದಷ್ಟು ತಪ್ಪಿದರೆ ಪಿನ್ನಿನ ಬಳಿ ನಾಲ್ಕು ಹಲಗೆ, ಅಂದರೆ ಹೆಚ್ಚುಕಡಿಮೆ ಒಂದು ಪಿನ್ನಿನ ದಪ್ಪ.

ಸ್ಟ್ರೈಕಿಗೆ (ಮೊದಲ ಚೆಂಡಿಗೇ ಹತ್ತೂ ಬೀಳಿಸುವುದು) ಆಸೆಪಡುವ ಮೊದಲು ಸ್ಪೇರ್ (ಉಳಿದದ್ದನ್ನು ಎರಡನೇ ಚೆಂಡಿಗೆ ತೆಗೆಯುವುದು) ಕಲಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗೇಮಿಗೆ ಹತ್ತು ಫ್ರೇಮ್, ಅಂದರೆ ಹತ್ತು ಸರದಿ; ಪ್ರತಿ ಫ್ರೇಮಿನಲ್ಲೂ ಒಂಬತ್ತು ಬೀಳಿಸಿ ಉಳಿದ ಒಂದನ್ನು ಬಿಟ್ಟರೆ ಗೇಮಿಗೆ 90. ಸ್ಪೇರಿಗೆ ಹತ್ತರ ಜೊತೆ ಮುಂದಿನ ಚೆಂಡಿನ ಅಂಕವೂ ಸೇರುತ್ತದೆ; ಹಾಗಾಗಿ ಆ ಒಂದನ್ನೂ ಪ್ರತಿ ಸಲ ತೆಗೆದರೆ, ಕೊನೆಯ ಹೆಚ್ಚುವರಿ ಚೆಂಡಿಗೂ ಒಂಬತ್ತು ಬಿದ್ದರೆ, 190. ಎಡಬದಿಯ ಪಿನ್ನು ಉಳಿದಾಗ ಬಾಣ ಬದಲಿಸದೆ ಕಾಲನ್ನಷ್ಟೇ ಬಲಕ್ಕೆ ಸರಿಸುತ್ತೇನೆ: 2ನೆಯದಕ್ಕೆ ಮೂರು ಹಲಗೆ, 4ಕ್ಕೆ ಆರು, 7ಕ್ಕೆ ಒಂಬತ್ತು. ಬಲಮೂಲೆಯ 10ನೇ ಪಿನ್ನಿಗೆ ಈ ಲೆಕ್ಕ ಒಗ್ಗುವುದಿಲ್ಲ. ಎಡತುದಿಯಲ್ಲಿ ನಿಂತು, ಭುಜವನ್ನು ಆ ಮೂಲೆಗೆ ತಿರುಗಿಸಿ, ನಡುಬಾಣದ ಆಸುಪಾಸಿನಿಂದ ಅಡ್ಡಕ್ಕೆ ಬಿಡಬೇಕು, ಮಣಿಕಟ್ಟು ಒಂದಿಷ್ಟೂ ತಿರುಗದಂತೆ.