ಹಳೇ ಮ್ಯಾಕ್ ಬೋರ್ಡಿನಿಂದ ಕೆಪಾಸಿಟರ್ ಬಿಡಿಸಿದ್ದು

ಡೊಂಬಿವಲಿಯ ಗೆಳೆಯರೊಬ್ಬರು 1989ರ ಆಪಲ್ ಕಂಪ್ಯೂಟರ್, ಮ್ಯಾಕಿಂತಾಷ್ ಎಸ್‌ಇ/30 ತಂದಿಟ್ಟರು. "ಸೌಂಡೇ ಬರ್ತಿಲ್ಲ, ಸ್ವಲ್ಪ ನೋಡ್ತೀರಾ?" ಅಂದರು. ಈ ಮಾಡೆಲ್‌ನಲ್ಲಿ ಸೌಂಡ್ ಹೋಯಿತು ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಬೋರ್ಡಿನ ಮೇಲಿರುವ, ಚಾರ್ಜ್ ಹಿಡಿದಿಡುವ ಪುಟ್ಟ ಅಲ್ಯೂಮಿನಿಯಂ ಕೆಪಾಸಿಟರ್‌ಗಳ ಕಡೆಗೆ. 47 ಮೈಕ್ರೋಫ್ಯಾರಡ್, 16 ವೋಲ್ಟ್‌ನವು. ವಯಸ್ಸಾದ ಮೇಲೆ ಒಳಗಿನ ದ್ರವ ಬುಡದಿಂದ ಜಿನುಗಿ ತಾಮ್ರವನ್ನು ತಿನ್ನುತ್ತದೆ. ಮುಂಬಯಿ ಕಡೆಯ ಮಳೆಗಾಲದ ತೇವವೂ ಸೇರಿದರೆ ಕೇಳುವುದೇ ಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಮ್ಯಾಕ್ ಒಳಗೆ ಪಿಕ್ಚರ್ ಟ್ಯೂಬ್ ಇದೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ನಾನು ಹಳೇ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಚಾರ್ಜ್ ಇಳಿಸಿದ ಮೇಲೇ ಬೋರ್ಡ್ ಹೊರಗೆ ತೆಗೆದೆ.

ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿದೆ. ಸೋರಿದ ದ್ರವ ಬಿಸಿಯಾದರೆ ಕೊಳೆತ ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ. ಕಿಟಕಿ ತೆರೆದಿಡಿ, ಕನ್ನಡಕ ಹಾಕಿಕೊಳ್ಳಿ.

ಕಷ್ಟ ಇರುವುದು ಬೆಸುಗೆಯಲ್ಲಿ. ದ್ರವ ತಾಗಿದ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಬೆಸುಗೆ ಹಾಕುವ ಐರನ್ ಇಟ್ಟರೂ ಸುಲಭವಾಗಿ ಕರಗುವುದಿಲ್ಲ. ಅಲ್ಲಿ ಹಟಕ್ಕೆ ಬಿದ್ದು ಎಳೆದರೆ ಪ್ಯಾಡೇ (ಕಾಲು ಕೂರುವ ತಾಮ್ರದ ತುಂಡು) ಎದ್ದು ಬರುತ್ತದೆ. ನಾನು ಬೆಸುಗೆ ಚೆನ್ನಾಗಿ ಹರಿಯಲಿ ಅಂತ ಫ್ಲಕ್ಸ್ ಸವರಿ, ಎರಡೂ ಕಾಲಿಗೆ ಹೊಸ 63/37 (ತವರ-ಸೀಸದ) ಸೋಲ್ಡರ್ ಹಾಕಿದೆ. ಅದು 183 ಡಿಗ್ರಿಗೇ ಕರಗುತ್ತದೆ, ಹಳೆಯದನ್ನೂ ಜೊತೆಗೆ ಕರಗಿಸುತ್ತದೆ. ಆಮೇಲೆ ಎರಡು ಐರನ್, ಒಂದೊಂದು ಕಾಲಿಗೆ ಒಂದೊಂದು. ಗ್ರೌಂಡ್‌ಗೆ ಸೇರಿದ ಕಾಲು ಬಿಸಿಯಾಗುವುದು ನಿಧಾನ, ಬೋರ್ಡಿನ ತಾಮ್ರವೆಲ್ಲ ಶಾಖ ಹೀರುತ್ತದೆ. ಕಾಯಬೇಕು. ಎರಡೂ ಕಡೆ ಪೂರ್ತಿ ಕರಗಿದಾಗ ಕೆಪಾಸಿಟರ್ ತಾನೇ ಪಕ್ಕಕ್ಕೆ ಜಾರುತ್ತದೆ. ಜಾರಿಸಿ, ಮೇಲಕ್ಕೆ ಎತ್ತಬೇಡಿ.

ಪ್ಲೈಯರ್‌ನಲ್ಲಿ ಹಿಡಿದು ತಿರುಚಿ ತೆಗೆಯುವವರೂ ಇದ್ದಾರೆ. ದ್ರವ ಕುಡಿದು ಸಡಿಲವಾದ ಪ್ಯಾಡ್ ಮೇಲೆ ಆ ಧೈರ್ಯ ನನಗಿಲ್ಲ. ಬಿಸಿಗಾಳಿ ಊದಿ ಬೆಸುಗೆ ಕರಗಿಸುವ ಹಾಟ್ ಏರ್ ಕೂಡ ಇಲ್ಲಿ ಬೇಡ ಅನ್ನುತ್ತೇನೆ. ಒಳಗಿನ ದ್ರವ ಕುದಿದು ಡಬ್ಬಿ ಸಿಡಿಯಬಹುದು, ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್ ಸುಮ್ನೆ ಕರಗಿಹೋಗುತ್ತದೆ.

ಉಳಿದದ್ದು ಮಾಮೂಲಿ: ಬೆಸುಗೆ ಹೀರುವ ತಾಮ್ರದ ಹೆಣೆದ ಪಟ್ಟಿ, ಅಂದರೆ ವಿಕ್‌ನಿಂದ ಪ್ಯಾಡ್ ಸಾಫ್ ಮಾಡಿ, ಮತ್ತೆ ತೊಳೆದು, ಮಲ್ಟಿಮೀಟರ್‌ನಲ್ಲಿ ಟ್ರೇಸ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ತುಂಡಾಗಿದೆಯೇ ಅಂತ ನೋಡುವುದು. ಹೊಸ ಕೆಪಾಸಿಟರ್ ಹಾಕಿದ ಮೇಲೆ ಸೌಂಡ್ ಗಟ್ಟಿಯಾಗಿಯೇ ಬಂತು.

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಬದಲಿಗೆ ಟ್ಯಾಂಟಲಮ್ ಕೆಪಾಸಿಟರ್ ತಂದರೆ ಒಂದು ನೆನಪಿರಲಿ. ಹಳೆಯದರ ತಲೆಯ ಮೇಲಿನ ಕಪ್ಪು ಗುರುತು ಮೈನಸ್. ಟ್ಯಾಂಟಲಮ್ ಮೇಲಿನ ಗೆರೆ ಪ್ಲಸ್. ಗುರುತಿಗೆ ಗುರುತು ಹೊಂದಿಸಿ ಕೂರಿಸಿದರೆ ಉಲ್ಟಾ ಆಗುತ್ತದೆ, ಉಲ್ಟಾ ಕೂತ ಟ್ಯಾಂಟಲಮ್‌ಗೆ ಬೆಂಕಿ ಹತ್ತಬಹುದು.