ಕಪ್ಪು ಪಟ್ಟಿಯ ಅಡಿಯಲ್ಲೇ ಕೂತಿದ್ದ ಆಧಾರ್ ನಂಬರ್

ಮಂಗಳೂರು ಕದ್ರಿಯ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಾಡಿಗೆ ಕರಾರಿನ ಪಿಡಿಎಫ್ ಒಂದನ್ನು ಗ್ರೂಪಿಗೆ ಹಾಕುವ ಮೊದಲು ನನಗೆ ಕಳಿಸಿದರು. "ನಂಬರೆಲ್ಲ ಕಪ್ಪು ಮಾಡಿದ್ದೇನೆ ಮಾರಾಯ್ರೆ, ಒಮ್ಮೆ ನೋಡಿ."

ಕಣ್ಣಿಗೆ ಎಲ್ಲ ಸರಿ. ಆದರೆ ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿದರೆ ಆಧಾರ್‌ನ 12 ಅಂಕಿ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಉದುರಿದವು. ನಂಬರ್ ಮೇಲೆ ಎಳೆದ ಕಪ್ಪು ಪಟ್ಟಿ ಬರೀ ಮೇಲಿನ ಪದರ. ಅಕ್ಷರಗಳು ಫೈಲಿನೊಳಗೆ ಹಾಗೇ ಇರುತ್ತವೆ. 2019ರಲ್ಲಿ ಅಮೆರಿಕದ ಪಾಲ್ ಮ್ಯಾನಫೋರ್ಟ್ (ಟ್ರಂಪ್‌ರ 2016ರ ಚುನಾವಣಾ ಪ್ರಚಾರದ ಒಬ್ಬ ಮುಖ್ಯಸ್ಥ) ಪರ ವಕೀಲರು ಕೋರ್ಟಿಗೆ ಕೊಟ್ಟ ದಾಖಲೆಯಲ್ಲೂ ಇದೇ ಆಗಿತ್ತು.

ಸರಿಮಾಡಿದ್ದು ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ಸಾಫ್ಟ್‌ವೇರಿನಲ್ಲಿ, ಖರ್ಚಿಲ್ಲದೆ. ಅದರ ಡ್ರಾ ಎಂಬ ಭಾಗದಲ್ಲಿ ಫೈಲ್ ತೆರೆದು ಟೂಲ್ಸ್ ಮೆನುವಿನ ರಿಡ್ಯಾಕ್ಟ್ (ಗುಟ್ಟಿನ ಭಾಗ ಮುಚ್ಚುವ ಆಯ್ಕೆ) ಒತ್ತಿ, ಮುಚ್ಚಬೇಕಾದಲ್ಲಿ ಚೌಕ ಎಳೆದೆ. ಚೌಕ ಮೊದಲು ಬೂದು ಬಣ್ಣದಲ್ಲಿ, ಅಡಿಯ ಅಕ್ಷರ ಕಾಣುವಂತೆಯೇ ಇರುತ್ತದೆ, ಗಾಬರಿ ಬೇಡ. ಕೊನೆಗೆ ಮಾಮೂಲಿ ಸೇವ್ ಅಲ್ಲ, ರಿಡ್ಯಾಕ್ಟೆಡ್ ಎಕ್ಸ್‌ಪೋರ್ಟ್ ಕೊಡಬೇಕು. ಆಗ ಪುಟವೇ ಚಿತ್ರವಾಗಿ, ಅಡಿಯ ಅಕ್ಷರ ಇಲ್ಲವಾಗುತ್ತದೆ. ಫೈಲಿನಲ್ಲಿ ಪದ ಹುಡುಕಲು ಇನ್ನು ಆಗುವುದಿಲ್ಲ; ಇಲ್ಲಿ ಅದು ನಷ್ಟವೇನಲ್ಲ. ಪುನಃ ಪೇಸ್ಟ್ ಮಾಡಿ ನೋಡಿದೆ: ಖಾಲಿ.

ಫೈಲಿನ ಹೆಸರಲ್ಲೇ ಬಾಡಿಗೆದಾರರ ಮೊಬೈಲ್ ನಂಬರ್ ಇತ್ತು! ಅದನ್ನೂ ಬದಲಿಸಿದೆ. ಮೊಬೈಲಿನ ಹೈಲೈಟರ್‌ನಿಂದ ಗೀಚುವುದಂತೂ ಬೇಡವೇ ಬೇಡ, ಬ್ರೈಟ್‌ನೆಸ್ ಏರಿಸಿದರೆ ಅಡಿಯದು ಕಾಣಬಹುದು. ಆಧಾರ್ ಮಾತ್ರ ಕೊಡುವುದಾದರೆ ಯುಐಡಿಎಐ (ಆಧಾರ್ ಕೊಡುವ ಪ್ರಾಧಿಕಾರ) ತಾಣದ ಮಾಸ್ಕ್ಡ್ ಪ್ರತಿ ಸಾಕು, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಇರುತ್ತದೆ.