ಚಿತ್ತಾ, ಸ್ವಾತಿ ಮಳೆಯ ದಿನಗಳಲ್ಲಿ ನಂದಿಬೆಟ್ಟಕ್ಕೆ ಗುಂಪು ಸೈಕಲ್ ಸವಾರಿ ನಡೆಸುವ ಬಗೆ

ಬೆಂಗಳೂರಿನ ಸೈಕಲ್ ಕ್ಲಬ್‌ಗಳ ಪಾಲಿಗೆ ನಂದಿಬೆಟ್ಟವೇ ಮೊದಲ ಬೆಟ್ಟ ಮತ್ತು ಹಲವರಿಗೆ ಪ್ರತಿ ತಿಂಗಳ ಪರೀಕ್ಷೆ. ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಈ ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಏಳೆಂಟು ಕಿಲೋಮೀಟರ್ ಉದ್ದದ ಏರಿನಲ್ಲಿ ನಲವತ್ತು ತಿರುವುಗಳಿವೆಯೆಂದು ಸವಾರರು ಲೆಕ್ಕ ಹೇಳುತ್ತಾರೆ. ಬೇಸಿಗೆಯಲ್ಲಿ ಇದು ಕಾಲಿನ ಬಲವನ್ನು ಅಳೆಯುವ ರಸ್ತೆ. ಆದರೆ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ, ಹಿಂಗಾರು ಕಾಲಿಟ್ಟು ಮುಂಜಾನೆ ಮಂಜು ಕವಿದು ರಸ್ತೆ ಒದ್ದೆಯಾಗಿರುವಾಗ, ಇದು ಬೇರೆಯದೇ ರಸ್ತೆಯಾಗುತ್ತದೆ. ಆಗ ಹತ್ತುವುದು ಸುಲಭದ ಕೆಲಸ, ಇಳಿಯುವುದೇ ಕಠಿಣ. ಆದ್ದರಿಂದ ಇಂಥ ದಿನದ ಸವಾರಿಯನ್ನು ಯೋಜಿಸುವವರು ಇಳಿಜಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊನೆಯಿಂದ ಮೊದಲಿಗೆ ಯೋಜಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾರನ್ನು ಕರೆದೊಯ್ಯಬೇಕು, ಯಾವ ಟೈರ್ ಹಾಕಬೇಕು, ಜೇಬಿನಲ್ಲಿ ಏನಿರಬೇಕು ಎಂಬ ಎಲ್ಲ ಪ್ರಶ್ನೆಗಳಿಗೂ ಉತ್ತರ ಆ ಕೊನೆಯ ಇಳಿಜಾರಿನಲ್ಲೇ ಇದೆ.

ಹೊರಡಬೇಕೇ ಬೇಡವೇ ಎಂಬುದನ್ನು ಹಿಂದಿನ ಸಂಜೆಯೇ ತೀರ್ಮಾನಿಸುವುದು ಒಳ್ಳೆಯದು. ತುಂತುರು ಮಳೆ, ಮೋಡ, ಮಂಜು ಇವುಗಳು ಸವಾರಿ ರದ್ದುಮಾಡಲು ಕಾರಣಗಳಲ್ಲ. ಗುಡುಗು ಸಿಡಿಲಿನ ಎಚ್ಚರಿಕೆ ಇದ್ದರೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಎಡೆಬಿಡದೆ ಮಳೆ ಸುರಿಯುತ್ತಿದ್ದರೆ ಅಥವಾ ರಾತ್ರಿಯಿಡೀ ಭಾರೀ ಮಳೆಯಾಗಿದ್ದರೆ ಬೆಟ್ಟವನ್ನು ಬಿಟ್ಟು ಬಯಲಿನ ದಾರಿ ಹಿಡಿಯಬೇಕು. 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಇಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ, ಬೆಟ್ಟಕ್ಕೆ ಹೋಗುವ ದಾರಿ ತಿಂಗಳುಗಟ್ಟಲೆ ಮುಚ್ಚಿತ್ತು. ಅಷ್ಟು ದೊಡ್ಡ ಕುಸಿತ ಅಪರೂಪವಾದರೂ, ಮಳೆ ಬಿದ್ದ ಮರುದಿನ ಮುಷ್ಟಿ ಗಾತ್ರದ ಕಲ್ಲುಗಳು ತಿರುವಿನ ನಡುವೆ ಬಿದ್ದಿರುವುದು ಅಪರೂಪವಲ್ಲ. ಪ್ರವಾಸಿಗರ ದಟ್ಟಣೆ ಅಥವಾ ಮಳೆ ಹೆಚ್ಚಾದಾಗ ಜಿಲ್ಲಾಡಳಿತ ಪ್ರವೇಶಕ್ಕೆ ನಿರ್ಬಂಧ ಹಾಕುವುದೂ ಉಂಟು. ಅದನ್ನು ಮೊದಲೇ ವಿಚಾರಿಸಿಕೊಂಡರೆ ಬುಡದ ಚೆಕ್‌ಪೋಸ್ಟ್‌ನಿಂದ ಹಿಂದಿರುಗುವ ಪ್ರಸಂಗ ಬರುವುದಿಲ್ಲ.

ಗುಂಪು ದೊಡ್ಡದಾಗಿದ್ದರೆ ಹತ್ತು ಹನ್ನೆರಡು ಮಂದಿಯ ತಂಡಗಳಾಗಿ ಒಡೆದು, ಪ್ರತಿ ತಂಡಕ್ಕೂ ಒಬ್ಬ ಕ್ಯಾಪ್ಟನ್ ಮತ್ತು ಒಬ್ಬ ಸ್ವೀಪ್ ಇರುವಂತೆ ನೋಡಿಕೊಳ್ಳಬೇಕು. ಸ್ವೀಪ್ ಎಂದರೆ ಕೊನೆಯ ಸವಾರನ ಹಿಂದೆಯೇ ಇರುವವರು. ಈ ಕೆಲಸವನ್ನು ತಂಡದ ದುರ್ಬಲ ಸವಾರರಿಗೆ ವಹಿಸುವ ರೂಢಿ ಕೆಲವು ಕಡೆ ಇದೆ, ಅದು ಸರಿಯಲ್ಲ. ಪಂಕ್ಚರ್ ಆದವರು, ಸುಸ್ತಾದವರು, ಚೈನ್ ಕಳಚಿಕೊಂಡವರು ಎಲ್ಲರೂ ಸಹಜವಾಗಿ ಹಿಂದೆ ಉಳಿಯುತ್ತಾರೆ. ಆದ್ದರಿಂದ ಹೆಚ್ಚು ಅನುಭವವಿರುವವರೂ ರಿಪೇರಿ ಸಾಮಾನು, ಪಂಪ್, ಪ್ರಥಮ ಚಿಕಿತ್ಸೆಯ ಪೊಟ್ಟಣವೂ ಹಿಂದೆಯೇ ಇರಬೇಕು. ಒದ್ದೆ ಇಳಿಜಾರಿನಲ್ಲಿ ಒಮ್ಮೆಯೂ ಇಳಿಯದವರು ತಂಡದಲ್ಲಿದ್ದರೆ ಹೊರಡುವ ಮೊದಲೇ ಅವರನ್ನು ಗುರುತಿಸಿ, ಇಳಿಯುವಾಗ ಅವರೊಂದಿಗೆ ಯಾರು ಇರುತ್ತಾರೆಂದು ಆಗಲೇ ಹೆಸರು ಹಿಡಿದು ಹೇಳಬೇಕು.

ಸೈಕಲ್ಲಿನ ಸಿದ್ಧತೆ

ಟೈರಿನ ಗಾಳಿಯನ್ನು ಒಣ ದಿನಕ್ಕಿಂತ ಸ್ವಲ್ಪ ಕಡಿಮೆ ಇಡಬೇಕು. 28 ಮಿ.ಮೀ. ಟೈರಿಗೆ ಸಾಮಾನ್ಯವಾಗಿ 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುವವರು 60ರಿಂದ 65ಕ್ಕೆ ಇಳಿಸಿದರೆ ರಸ್ತೆಯನ್ನು ಹಿಡಿಯುವ ಭಾಗ ಹಿಗ್ಗುತ್ತದೆ, ಒರಟು ಡಾಂಬರಿನ ಮೇಲೆ ಚಕ್ರ ಪುಟಿಯುವುದೂ ಕಡಿಮೆಯಾಗುತ್ತದೆ. ಸವೆದು ನಡುವೆ ಚಪ್ಪಟೆಯಾದ ಟೈರನ್ನು ಈ ದಿನಕ್ಕೆ ಬಳಸಬಾರದು. ಒದ್ದೆ ರಸ್ತೆಯಲ್ಲಿ ಪಂಕ್ಚರ್‌ಗಳು ಹೆಚ್ಚು, ಏಕೆಂದರೆ ನೀರು ಗಾಜಿನ ಚೂರಿಗೂ ಮುಳ್ಳಿಗೂ ರಬ್ಬರಿನೊಳಗೆ ಜಾರಿ ಇಳಿಯಲು ಅನುವು ಮಾಡಿಕೊಡುತ್ತದೆ. ಮಳೆಯಲ್ಲಿ ಪ್ಯಾಚ್ ಅಂಟುವುದು ಕಷ್ಟವಾದ್ದರಿಂದ ಪ್ರತಿಯೊಬ್ಬರೂ ಎರಡು ಟ್ಯೂಬ್‌ಗಳನ್ನು ಇಟ್ಟುಕೊಂಡಿರಲಿ. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಉಳಿದಿದೆಯೇ ಎಂದು ನೋಡಬೇಕು. ಆ ಒಂದು ನಿಮಿಷವನ್ನು ಉಳಿಸಲು ಹೋದವರು ಮುಂದಿನ ಊರಿನಲ್ಲಿ ಎರಡನೆಯ ಟ್ಯೂಬನ್ನೂ ಕಳೆದುಕೊಳ್ಳುತ್ತಾರೆ.

ಬ್ರೇಕಿನ ವಿಷಯದಲ್ಲಿ ರಾಜಿ ಬೇಡ. ರಿಮ್ ಬ್ರೇಕ್ (ಚಕ್ರದ ಹೊರ ಬಳೆಯಾದ ರಿಮ್ಮನ್ನು ಒತ್ತಿ ಹಿಡಿಯುವ ಬ್ರೇಕ್) ಇರುವವರು ಪ್ಯಾಡುಗಳನ್ನು ಬಿಚ್ಚಿ, ಅವುಗಳಲ್ಲಿ ನೆಟ್ಟಿರುವ ಮರಳಿನ ಕಣ ಹಾಗೂ ಅಲ್ಯುಮಿನಿಯಂ ಚೂರುಗಳನ್ನು ಸೂಜಿಯಿಂದ ತೆಗೆಯಬೇಕು, ರಿಮ್ಮನ್ನು ಒರೆಸಬೇಕು. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇರುವವರು ಪ್ಯಾಡಿನಲ್ಲಿ ಇನ್ನೆಷ್ಟು ದಪ್ಪ ಉಳಿದಿದೆಯೆಂದು ನೋಡಬೇಕು, ಏಕೆಂದರೆ ಕೆಸರು ನೀರಿನಲ್ಲಿ ಪ್ಯಾಡು ಬೇಗ ಸವೆಯುತ್ತದೆ. ರಿಮ್ ಬ್ರೇಕಿನ ಕಾರ್ಬನ್ ಚಕ್ರಗಳನ್ನು ಮನೆಯಲ್ಲೇ ಬಿಡುವುದು ಲೇಸು. ಒದ್ದೆಯಾದಾಗ ಅವುಗಳ ಹಿಡಿತ ನಂಬುವಂಥದ್ದಲ್ಲ.

ಮಡ್‌ಗಾರ್ಡ್ ನಮ್ಮ ರೋಡ್ ಬೈಕ್ ಸವಾರರಿಗೆ ಅಷ್ಟಾಗಿ ಇಷ್ಟವಿಲ್ಲ. ಆದರೆ ಗುಂಪಿನಲ್ಲಿ ಅದು ಹಿಂದಿನವರಿಗಾಗಿ ಹಾಕಿಕೊಳ್ಳುವ ವಸ್ತು. ಅದಿಲ್ಲದ ಹಿಂಬದಿ ಚಕ್ರ ರಸ್ತೆಯ ಕೆಸರನ್ನು ನೇರವಾಗಿ ಹಿಂದಿನವರ ಕಣ್ಣಿಗೆ, ಬಾಯಿಗೆ, ನೀರಿನ ಬಾಟಲಿಯ ತುದಿಗೆ ಎರಚುತ್ತದೆ. ಕ್ಲಿಪ್ ಮಾಡುವ ಪ್ಲಾಸ್ಟಿಕ್ ಮಡ್‌ಗಾರ್ಡ್ ಆದರೂ ಸಾಕು, ಅದು ಎಲ್ಲರಿಗೂ ಕಡ್ಡಾಯವಾಗಲಿ. ಅಕ್ಟೋಬರಿನಲ್ಲಿ ಸೂರ್ಯೋದಯ ಆರು ಗಂಟೆಯ ನಂತರವಾದ್ದರಿಂದ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕೇ ಬೇಕು. ಗುಂಪಿನ ನಡುವೆ ಇರುವವರು ಹಿಂದಿನ ದೀಪವನ್ನು ಮಿನುಗಿಸದೆ ಸ್ಥಿರವಾಗಿ ಉರಿಸಿದರೆ ಬೆನ್ನ ಹಿಂದಿನವರ ಕಣ್ಣಿಗೆ ಹಿಂಸೆಯಾಗದು. ಮಿನುಗುವ ದೀಪ ಸ್ವೀಪ್‌ಗೆ ಮೀಸಲಿರಲಿ.

ಬಯಲಿನ ದಾರಿಯಲ್ಲಿ

ಹೆಬ್ಬಾಳದಿಂದ ದೇವನಹಳ್ಳಿಯವರೆಗೆ ಬಳ್ಳಾರಿ ರಸ್ತೆಯ ಸರ್ವಿಸ್ ರಸ್ತೆಯನ್ನು ಬಳಸುವವರೇ ಹೆಚ್ಚು. ಅಲ್ಲಿ ನೀರು ನಿಂತ ಹೊಂಡದ ಆಳ ಎಷ್ಟೆಂದು ತಿಳಿಯುವುದಿಲ್ಲ, ಆದ್ದರಿಂದ ಹೊಂಡದ ಮೇಲೆ ಹಾಯುವ ಬದಲು ಮೊದಲೇ ಸೂಚನೆ ಕೊಟ್ಟು ನಿಧಾನವಾಗಿ ಪಕ್ಕಕ್ಕೆ ಸರಿಯಬೇಕು. ಮುಂದಿನ ಚಕ್ರಕ್ಕೂ ತಮ್ಮ ಚಕ್ರಕ್ಕೂ ನಡುವೆ ಕನಿಷ್ಠ ಎರಡು ಸೈಕಲ್ಲಿನಷ್ಟು ಅಂತರವಿರಲಿ. ಮುಂದಿನವರ ಹಿಂಬದಿ ಚಕ್ರದ ಪಕ್ಕಕ್ಕೆ ತಮ್ಮ ಮುಂಬದಿ ಚಕ್ರ ಬರುವಂತೆ ಓಡಿಸುವುದು ಒಣ ದಿನದಲ್ಲೂ ತಪ್ಪು, ಒದ್ದೆಯ ದಿನದಲ್ಲಿ ಅದು ಅಪಘಾತಕ್ಕೆ ಆಹ್ವಾನ. ಕೈಸನ್ನೆಗಿಂತ ಬಾಯಿಮಾತು ಮೇಲು, ಏಕೆಂದರೆ ಸನ್ನೆಗೆಂದು ತೆಗೆದ ಕೈ ಬ್ರೇಕಿನ ಮೇಲಿರುವುದಿಲ್ಲ. “ಗುಂಡಿ”, “ಹಂಪು”, “ಹಿಂದೆ ಗಾಡಿ”, “ನಿಲ್ತಿದೀನಿ” ಎಂಬ ನಾಲ್ಕು ಕೂಗುಗಳನ್ನು ಹೊರಡುವ ಮೊದಲು ಎಲ್ಲರಿಗೂ ಹೇಳಿಕೊಟ್ಟು, ಮುಂದಿನವರ ಕೂಗನ್ನು ಹಿಂದಿನವರಿಗೆ ದಾಟಿಸುವ ಹೊಣೆ ಪ್ರತಿಯೊಬ್ಬರದೆಂದೂ ತಿಳಿಸಬೇಕು. ಬಣ್ಣ ಹಚ್ಚದ ಹಂಪುಗಳು ನಮ್ಮ ಊರೂರಿನ ಮುಂದೆಯೂ ಇವೆ. ಮಂಜಿನಲ್ಲಿ ಅವು ಚಕ್ರದಡಿಗೆ ಬಂದ ಮೇಲಷ್ಟೇ ಕಾಣುತ್ತವೆ.

ಹೆದ್ದಾರಿಯನ್ನು ಬಿಟ್ಟು ಹಳ್ಳಿಗಳ ನಡುವೆ ಸಾಗುವಾಗ ಇನ್ನೊಂದು ಎಚ್ಚರ ಬೇಕು. ಕಾರ್ತಿಕ ಕಳೆಯುತ್ತಿದ್ದಂತೆ ರೈತರು ಹುರುಳಿ, ರಾಗಿಯನ್ನು ಒಕ್ಕಲು ರಸ್ತೆಯ ಮೇಲೆ ಹರಡುತ್ತಾರೆ. ಒದ್ದೆಯಾದ ಹುಲ್ಲು ಜಾರುವುದಲ್ಲದೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿಗೆ ಸುತ್ತಿಕೊಂಡು ಅದನ್ನು ಮುರಿಯಲೂ ಬಲ್ಲದು. ಅದರ ಮೇಲೆ ಸೈಕಲ್ ಓಡಿಸದೆ ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗುವುದೇ ಸರಿ, ಅದು ಒಬ್ಬರ ವರ್ಷದ ಬೆಳೆಯೆಂಬ ಗೌರವವೂ ಅದರಲ್ಲಿದೆ.

ಬುಡದಲ್ಲಿ, ಉದಾಹರಣೆಗೆ ಕಾರಹಳ್ಳಿ ಕ್ರಾಸಿನಲ್ಲಿ, ಎಲ್ಲರೂ ಕೂಡಿದ ಮೇಲೆ ಏರು ಆರಂಭವಾಗಲಿ. ಅಲ್ಲಿಂದ ಮೇಲೆ ಗುಂಪು ಎಂಬುದು ಇರಬೇಕಾಗಿಲ್ಲ, ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆ ಹತ್ತಲಿ. ರೇನ್‌ಕೋಟನ್ನು ಬಿಚ್ಚಿ ಮಡಚಿಟ್ಟುಕೊಳ್ಳಬೇಕು, ಏಕೆಂದರೆ ಏರಿನಲ್ಲಿ ಅದರೊಳಗೆ ಕಟ್ಟುವ ಬೆವರು ಮಳೆಗಿಂತ ಹೆಚ್ಚಾಗಿ ಮೈಯನ್ನು ತೋಯಿಸುತ್ತದೆ. ಕಡಿದಾದ ಕಡೆ ಎದ್ದು ನಿಂತು ತುಳಿದರೆ ಹಿಂಬದಿ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ಒದ್ದೆ ಎಲೆಗಳ ಮೇಲೆ ಸುತ್ತತೊಡಗುತ್ತದೆ. ಆದ್ದರಿಂದ ಹಗುರ ಗೇರಿನಲ್ಲಿ ಸೀಟಿನ ಮೇಲೆ ಕುಳಿತೇ ತುಳಿಯಬೇಕು. ಬೆಟ್ಟದ ಕೊನೆಯ ಭಾಗ ಹೆಚ್ಚು ಕಡಿದಾಗಿರುವುದರಿಂದ ಅಲ್ಲಿಗಾಗಿ ಒಂದು ಗೇರನ್ನು ಉಳಿಸಿಕೊಳ್ಳಬೇಕು. ಯಾರಾದರೂ ನಿಲ್ಲಬೇಕಾದರೆ ತಿರುವಿನೊಳಗಲ್ಲ, ನೇರ ರಸ್ತೆಯ ಅಂಚಿನಲ್ಲಿ ನಿಲ್ಲಲಿ. ಮೇಲೇರುವ ಸಮಯವನ್ನು ಅಳೆದುಕೊಳ್ಳುವ ಆಸೆ ಇರುವವರು ಆ ಆಸೆಯನ್ನು ಇಲ್ಲಿಯೇ ತೀರಿಸಿಕೊಳ್ಳಬಹುದು, ಏರಿನಲ್ಲಿ ವೇಗದಿಂದ ಯಾರಿಗೂ ಹಾನಿಯಿಲ್ಲ.

ತುದಿಯಲ್ಲಿ ಹದಿನೈದು ನಿಮಿಷ

ಎತ್ತರ ಸಾವಿರ ಮೀಟರ್ ಹೆಚ್ಚಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಆ ಲೆಕ್ಕದಲ್ಲಿ ನಂದಿಯ ತುದಿ ಬೆಂಗಳೂರಿಗಿಂತ ಮೂರೂವರೆ ಡಿಗ್ರಿ ತಂಪು. ಅದೇನೂ ದೊಡ್ಡ ಚಳಿಯಲ್ಲವೆಂದು ತೋರಬಹುದು, ಆದರೆ ಬೆವರಿನಿಂದ ತೊಯ್ದ ಮೈಗೆ ಇಳಿಜಾರಿನ ಗಾಳಿ ಬೀಸಿದಾಗ, ತುಳಿಯುವ ಕೆಲಸವೂ ಇಲ್ಲದಿರುವಾಗ, ಕೆಲವೇ ನಿಮಿಷಗಳಲ್ಲಿ ಬೆರಳುಗಳು ಮರಗಟ್ಟಿ ಬ್ರೇಕ್ ಎಳೆಯಲಾಗದ ಸ್ಥಿತಿ ಬರುತ್ತದೆ. ಬೆಟ್ಟದ ಮೇಲೆ ಆಗುವ ಬಹುಪಾಲು ಅನಾಹುತಗಳಿಗೆ ಚಳಿಯೂ ಪಾಲುದಾರನೆಂದು ನಾನು ನಂಬುತ್ತೇನೆ. ಆದ್ದರಿಂದ ಒಣ ಕೈಗವಸು ಹಾಗೂ ಒಂದು ಒಣ ಒಳ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುವಂತೆ ಎಲ್ಲರಿಗೂ ಹೇಳಿರಬೇಕು. ತುದಿ ಮುಟ್ಟಿದ ಕೂಡಲೇ ಮೊದಲು ಅಂಗಿ ಬದಲಿಸಿ ರೇನ್‌ಕೋಟ್ ಹಾಕಿಕೊಂಡು, ಆಮೇಲೆ ಚಹಾ ಕುಡಿಯಬೇಕು. ಒಣ ಅಂಗಿ ಇಲ್ಲದವರು ದಿನಪತ್ರಿಕೆಯ ಎರಡು ಹಾಳೆಗಳನ್ನು ಎದೆಯ ಮೇಲೆ ಜರ್ಸಿಯೊಳಗೆ ತೂರಿಸಿಕೊಂಡರೂ ಗಾಳಿ ತಡೆಯುತ್ತದೆ. ಯುರೋಪಿನ ಬೆಟ್ಟಗಳಲ್ಲಿ ವೃತ್ತಿಪರ ಸವಾರರು ಇದನ್ನೇ ಮಾಡುತ್ತ ಬಂದಿದ್ದಾರೆ. ಮೊದಲು ಬಂದವರು ಕೊನೆಯವರಿಗಾಗಿ ಗಂಟೆಗಟ್ಟಲೆ ನಡುಗುತ್ತ ಕಾಯಬಾರದು, ಕೊನೆಗೆ ಬಂದವರನ್ನು ವಿಶ್ರಾಂತಿಯಿಲ್ಲದೆ ಹೊರಡಿಸಲೂಬಾರದು. ಇಬ್ಬಿಬ್ಬರಾಗಿ, ಮೂವರಾಗಿ ಸಿದ್ಧರಾದಂತೆ ಕಳುಹಿಸುವುದೇ ಇದಕ್ಕೆ ಪರಿಹಾರ. ತಿಂಡಿಯ ಪೊಟ್ಟಣವನ್ನು ಕೋತಿಗಳ ಎದುರು ಬಿಚ್ಚದಿರಲಿ.

ಇಳಿಯುವುದು

ಹೊರಡುವ ಮೊದಲು ಕ್ಯಾಪ್ಟನ್ ಒಂದು ನಿಯಮವನ್ನು ಸ್ಪಷ್ಟವಾಗಿ ಹೇಳಬೇಕು: ಇಳಿಯುವಾಗ ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ, ಮತ್ತು ಇಬ್ಬರ ನಡುವೆ ಅರ್ಧ ನಿಮಿಷದ ಅಂತರವಿರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸೈಕಲ್ ಪ್ರತಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಒದ್ದೆಯಾದ ರಿಮ್ ಬ್ರೇಕ್ ಚಕ್ರದ ಮೇಲಿನ ನೀರನ್ನು ಒರೆಸಿ ಹಿಡಿತ ಪಡೆಯಲು ಎರಡು ಮೂರು ಸುತ್ತು ಬೇಕು, ಅಂದರೆ ಇನ್ನೂ ಐದಾರು ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕವನ್ನು ತಿಳಿದವರು ಮಂಜಿನಲ್ಲಿ ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಬಹುದಾದ ವೇಗವನ್ನು ಮೀರುವುದಿಲ್ಲ.

ರಿಮ್ ಬ್ರೇಕ್ ಇರುವವರು ತಿರುವು ಬರುವುದಕ್ಕೆ ಸಾಕಷ್ಟು ಮೊದಲೇ ಪ್ಯಾಡನ್ನು ರಿಮ್ಮಿಗೆ ಹಗುರವಾಗಿ ತಾಗಿಸಿ ನೀರನ್ನು ಒರೆಸಿಕೊಳ್ಳಬೇಕು, ಆಮೇಲೆ ನಿಜವಾದ ಒತ್ತಡ ಹಾಕಬೇಕು. ಉದ್ದಕ್ಕೂ ಒಂದೇ ಸಮನೆ ಎಳೆದು ಹಿಡಿಯುವುದರಿಂದ ರಿಮ್ಮು ಕಾಯುತ್ತದೆ, ಕೈ ಸೋಲುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದೇ ಸರಿಯಾದ ಕ್ರಮ. ವೇಗ ಇಳಿಸುವ ಕೆಲಸವೆಲ್ಲ ಸೈಕಲ್ ನೆಟ್ಟಗಿರುವಾಗಲೇ ಮುಗಿಯಬೇಕು, ವಾಲಿದ ಮೇಲೆ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಬಾರದು. ಕೈಗಳು ಹ್ಯಾಂಡಲಿನ ಕೆಳಗೆ ಬಾಗಿದ ಭಾಗದಲ್ಲಿರಲಿ, ಮೈಭಾರ ಸ್ವಲ್ಪ ಹಿಂದಕ್ಕಿರಲಿ, ತಿರುವಿನ ಹೊರಬದಿಯ ಪೆಡಲ್ ಕೆಳಗಿದ್ದು ಅದರ ಮೇಲೆ ಭಾರ ಬಿದ್ದಿರಲಿ, ಕಣ್ಣು ತಿರುವಿನ ಕೊನೆಯ ಕಡೆಗಿರಲಿ. ಭಯವಾದಾಗ ಕಣ್ಣು ಸಹಜವಾಗಿ ತಡೆಗೋಡೆಯ ಕಡೆಗೆ ಹೋಗುತ್ತದೆ, ಸೈಕಲ್ಲೂ ಕಣ್ಣನ್ನೇ ಹಿಂಬಾಲಿಸುತ್ತದೆ.

ಎಡಕ್ಕೆ ತಿರುಗುವ ಇಕ್ಕಟ್ಟಿನ ತಿರುವಿನಲ್ಲಿ ವೇಗ ಹೆಚ್ಚಾದರೆ ಸೈಕಲ್ ರಸ್ತೆಯ ನಡುಗೆರೆಯನ್ನು ದಾಟಿ ಮೇಲೇರುವ ಕಾರಿನ ಎದುರಿಗೆ ಹೋಗುತ್ತದೆ. ಬಲಕ್ಕೆ ತಿರುಗುವಾಗ ಹತ್ತಿರದ ದಾರಿ ಹಿಡಿಯುವ ಆಸೆಯಿಂದ ನಡುಗೆರೆಯನ್ನು ದಾಟುವವರು ಇದ್ದಾರೆ, ಅಪಾಯ ಅದೇ. ಎರಡರಲ್ಲೂ ನಮ್ಮ ಅರ್ಧ ರಸ್ತೆಯ ನಡುಭಾಗದಲ್ಲೇ ಇರುವುದು ಒಳ್ಳೆಯದು, ಏಕೆಂದರೆ ಒಳ ಅಂಚಿನಲ್ಲಿ ಮಳೆನೀರು ತಂದಿಟ್ಟ ಹೂಳು, ಮರಳು, ಕೊಳೆತ ಎಲೆಗಳು ಸೇರಿರುತ್ತವೆ. ರಸ್ತೆಗೆ ಬಳಿದ ಬಿಳಿ ಪಟ್ಟಿ, ರಸ್ತೆಯಲ್ಲಿ ನೆಟ್ಟಿರುವ ಹೊಳೆಯುವ ಗುಬಟುಗಳಾದ ಕ್ಯಾಟ್ಸ್ ಐ, ಕಾಮನಬಿಲ್ಲಿನ ಬಣ್ಣದಲ್ಲಿ ಮಿನುಗುವ ಎಣ್ಣೆಯ ಕಲೆ ಇವುಗಳ ಮೇಲೆ ಸೈಕಲನ್ನು ವಾಲಿಸದೆ ನೇರವಾಗಿ ದಾಟಬೇಕು. ಅನಿರೀಕ್ಷಿತವಾಗಿ ಕೋತಿ ಅಡ್ಡ ಬಂದರೆ ಹ್ಯಾಂಡಲ್ ತಿರುಗಿಸದೆ ನೇರದಲ್ಲೇ ಬ್ರೇಕ್ ಹಾಕಬೇಕು.

ಕೈ ಸೋತರೆ, ಮೈ ನಡುಗಿದರೆ, ಮಂಜು ದಟ್ಟವಾದರೆ ನೇರವಾದ ಜಾಗದಲ್ಲಿ ನಿಂತು ಇಳಿದು ನಡೆಯುವುದಕ್ಕೆ ಯಾರೂ ಸಂಕೋಚಪಡಬಾರದು, ಆ ಅನುಮತಿಯನ್ನು ಕ್ಯಾಪ್ಟನ್ನೇ ಮೊದಲು ಬಾಯಿಬಿಟ್ಟು ಕೊಡಬೇಕು. ಬುಡದಲ್ಲಿ ತಲೆ ಎಣಿಸಿ, ಸ್ವೀಪ್ ಬಂದು ಮುಟ್ಟುವವರೆಗೆ ಯಾರೂ ಮನೆಯ ಕಡೆ ಹೊರಡಬಾರದು.

ಮನೆ ಸೇರಿದ ಮೇಲೆ ಸೈಕಲನ್ನು ಅದೇ ದಿನ ತೊಳೆಯಬೇಕು. ಜೋರಾದ ನೀರಿನ ಧಾರೆಯನ್ನು ಚಕ್ರದ ನಡುವಿನ ಹಬ್ಬು, ಬೇರಿಂಗುಗಳ ಮೇಲೆ ಬಿಡಬಾರದು. ಚೈನನ್ನು ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎಣ್ಣೆ ಹಾಕಬೇಕು. ಫ್ರೇಮಿನೊಳಗೆ ನೀರು ಸೇರಿದ್ದರೆ ಸೀಟಿನ ಕೆಳಗಿನ ಕೊಳವೆಯಾದ ಸೀಟ್‌ಪೋಸ್ಟನ್ನು ತೆಗೆದು ಸೈಕಲನ್ನು ಬೋರಲು ಹಾಕಿಡಬೇಕು. ಟೈರುಗಳಲ್ಲಿ ಸಿಕ್ಕಿಕೊಂಡ ಗಾಜಿನ ಚೂರುಗಳನ್ನು ಆಗಲೇ ಕೀಳದಿದ್ದರೆ ಅವು ಮುಂದಿನ ಸವಾರಿಯಲ್ಲಿ ಒಳಗಿಳಿಯುತ್ತವೆ. ಕ್ಯಾಪ್ಟನ್ನರಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ: ಯಾವ ತಿರುವಿನಲ್ಲಿ ಹೂಳು ನಿಂತಿತ್ತು, ಎಲ್ಲಿ ಡಾಂಬರು ಕಿತ್ತುಹೋಗಿತ್ತು, ಎಲ್ಲಿ ಕಲ್ಲು ಬಿದ್ದಿತ್ತು ಎಂಬುದನ್ನು ಬರೆದು, ಮುಂದಿನ ವಾರ ತಂಡವನ್ನು ಕರೆದೊಯ್ಯುವವರಿಗೆ ಅಂದೇ ತಲುಪಿಸಬೇಕು.